ನಾಲ್ಕು ಮೇಜು, ಒಂದು ಕಿಟಕಿ

ಕೂಡು ಕಚೇರಿಯ ಮೇಜುಗಳ ಆಕಾರವನ್ನೂ ಜಾಗವನ್ನೂ ಗೊತ್ತುಮಾಡುವ ಕೆಲಸ ನನ್ನ ಪಾಲಿಗೆ ಬಂದಾಗ ಅಮಾವಾಸ್ಯೆಗೆ ಇನ್ನೂ ಇಪ್ಪತ್ತೆರಡು ದಿನ ಇತ್ತು. ಅಷ್ಟು ದಿನ ಧಾರಾಳವಾಯಿತು ಎಂದು ಊರ ಹಿರಿಯರು ಅಂದುಕೊಂಡರು. ನಾನೂ ಹಾಗೇ ಅಂದುಕೊಂಡೆ. ಯಾವ ಸಾಮಾನು ಎಲ್ಲಿ ಇರಬೇಕು ಎಂದು ಜನರಿಗೆ ಹೇಳಿಕೊಂಡೇ ಮೂವತ್ತು ವರ್ಷ ಬದುಕಿದವಳು ನಾನು. ‘ಅಳತೆ ಮಾನಮ್ಮ’ ಎಂದರೆ ಊರಲ್ಲಿ ಯಾರಾದರೂ ನನ್ನ ಮನೆ ತೋರಿಸುತ್ತಿದ್ದರು. ನಾಲ್ಕು ಮೇಜು ನನಗೆ ಯಾವ ಲೆಕ್ಕ?

ನಮ್ಮ ಊರಲ್ಲಿ ಅಮಾವಾಸ್ಯೆಯ ದಿನ ಹೊತ್ತು ಮುಳುಗುವಾಗ ನೆಲಕ್ಕೆ ತಾಗಿಕೊಂಡಿದ್ದ ಮರದ ಸಾಮಾನು ನೆಲ ಹಿಡಿದುಬಿಡುತ್ತದೆ. ಆಮೇಲೆ ಆನೆ ಕಟ್ಟಿ ಎಳೆದರೂ ಕದಲುವುದಿಲ್ಲ. ಕೆಳಗೆ ಕಲ್ಲು ಕೊಟ್ಟಿದ್ದರೆ ಕಲ್ಲಿನ ಸಮೇತ ಹಿಡಿಯುತ್ತದೆ. ಗರಗಸ ಹಾಕಿದರೆ ಮೇಲಿನ ಹಲಗೆ ಬರುತ್ತದೆ, ಕಾಲುಗಳು ಅಲ್ಲೇ ಉಳಿಯುತ್ತವೆ. ಹಳೆಯ ಶಾಲೆಯ ಅಂಗಳದಲ್ಲಿ ಅಂಥ ಮೋಟುಗಾಲುಗಳು ಇಪ್ಪತ್ತಾದರೂ ಇವೆ. ಮಕ್ಕಳು ಅವುಗಳ ಮೇಲೆ ಕುಪ್ಪಳಿಸಿಕೊಂಡು ತರಗತಿಗೆ ಹೋಗುತ್ತಾರೆ. ಅದಕ್ಕೇ ತಿಂಗಳಿಗೊಮ್ಮೆ ಎತ್ತುವ ಹೊತ್ತು. ಸೂರ್ಯ ಗುಡ್ಡ ಮುಟ್ಟಿದ ಕೂಡಲೇ ಒಂದು ಗಂಟೆ ಬಾರಿಸುತ್ತಾರೆ, ಪೂರ್ತಿ ಮರೆಯಾದ ಮೇಲೆ ಇನ್ನೊಂದು. ಆ ಎರಡು ಗಂಟೆಗಳ ನಡುವೆ ಇಡೀ ಊರು ತನ್ನ ತನ್ನ ಸಾಮಾನು ಎತ್ತಿಕೊಂಡು ನಿಂತಿರುತ್ತದೆ. ಹೆಂಗಸರು ಮಣೆಯನ್ನು ಸೊಂಟಕ್ಕಿಟ್ಟುಕೊಂಡು ಹೊಸ್ತಿಲಲ್ಲಿ ಹರಟುತ್ತಾರೆ. ಗಂಡಸರು ಕುರ್ಚಿಗಳನ್ನು ತಲೆಯ ಮೇಲೆ ಕವುಚಿಕೊಂಡು ಬೀಡಿ ಸೇದುತ್ತಾರೆ. ಮಂಚಗಳೆಲ್ಲ ವರ್ಷವಿಡೀ ತೊಲೆಗೆ ತೂಗುಬಿದ್ದೇ ಇರುತ್ತವೆ. ಹೊರ ಊರಿನಿಂದ ಬಂದ ಸೊಸೆಯಂದಿರಿಗೆ ಮೊದಲ ಒಂದು ತಿಂಗಳು ಹಡಗಿನಲ್ಲಿ ಮಲಗಿದ ಹಾಗೆ ವಾಕರಿಕೆ.

ಎತ್ತಲಾಗದಷ್ಟು ಭಾರದ್ದನ್ನು ಮಾತ್ರ ಜನ ಬೇಕೆಂದೇ ನೆಲಕ್ಕೆ ಬಿಡುತ್ತಾರೆ. ಅದು ಮದುವೆಗಿಂತ ದೊಡ್ಡ ತೀರ್ಮಾನ. ಆಗ ನನ್ನನ್ನು ಕರೆಸುತ್ತಾರೆ. ಬೇರೆಯವರ ಕಪಾಟು, ಕಣಜ, ಪೆಟ್ಟಿಗೆಗಳಿಗೆ ಜಾಗ ಹೇಳುವ ನನ್ನ ಸ್ವಂತ ಮನೆಯಲ್ಲಿ ಮಾತ್ರ ಒಂದು ಗೂಟವೂ ನೆಲ ಹಿಡಿದಿಲ್ಲ. ಪ್ರತಿ ಅಮಾವಾಸ್ಯೆಗೆ ಎಲ್ಲವನ್ನೂ ಹಗ್ಗ ರಾಟೆ ಹಾಕಿ ಎಳೆದು ನಿಲ್ಲುತ್ತೇನೆ, ತೋಳು ಹರಿದುಹೋಗುವ ಹಾಗೆ. ಕಪಾಟು ಇಲ್ಲಿರಲಿ ಅನ್ನಿಸಿದ ಮರುಗಳಿಗೆಗೆ ಅಲ್ಲಿದ್ದರೆ ಚೆನ್ನಿತ್ತೇನೋ ಅನ್ನಿಸುತ್ತದೆ.

ಕೂಡು ಕಚೇರಿಯ ನಾಲ್ವರಿಗೂ ಮೊದಲು ಬೇರೆ ಬೇರೆ ಕೋಣೆ ಇತ್ತು. ಆ ಕಟ್ಟಡದ ಗೋಡೆ ಬಾಯಿಬಿಟ್ಟ ಮೇಲೆ ಹಿರಿಯರು ಹಳೆಯ ಎಣ್ಣೆ ಗಾಣದ ಉಗ್ರಾಣವನ್ನು ಸುಣ್ಣ ಹೊಡೆಸಿ ಕೊಟ್ಟರು. ನಲವತ್ತಡಿ ಉದ್ದ, ಇಪ್ಪತ್ನಾಲ್ಕು ಅಡಿ ಅಗಲ, ಉತ್ತರಕ್ಕೆ ಒಂದೇ ಒಂದು ಕಿಟಕಿ. ಉಳಿದ ಕಡೆ ಮೇಲೆ ಕೈಗೆಟುಕದ ಗವಾಕ್ಷಿಗಳು. ಹೊಸ ಮೇಜುಗಳು ಸಾಗುವಾನಿಯವು, ಒಂದೊಂದಕ್ಕೂ ಎಂಟು ಆಳು ಬೇಕು. ತಿಂಗಳು ತಿಂಗಳು ಎತ್ತುವ ಮಾತೇ ಇಲ್ಲ. ಇಟ್ಟಲ್ಲಿ ಇಟ್ಟಿದ್ದೇ.

ಮೊದಲು ಆಕಾರ. ಒಬ್ಬೊಬ್ಬರನ್ನೇ ಕೇಳುತ್ತ ಹೋದೆ. ಜನನ ಮರಣ ಬರೆದುಕೊಳ್ಳುವ ಚಂಪಾಬಾಯಿ, “ನಂದು ದುಂಡಗ ಇರಲಿ ಮಾನಮ್ಮ,” ಅಂದಳು. “ಸತ್ತವರ ಹೆಸರು ಬರಸಾಕ ಬಂದವರನ್ನ ಎದುರಿಗೆ ಕುಂದರಿಸಿ ಕೇಳಬಾರದು. ಮಗ್ಗಲದಾಗ ಕುಂದರಿಸಿಕೊಂಡು ಕೇಳಬೇಕು.” ಬೀಜ ಪರೀಕ್ಷೆಯ ತಿರಕಪ್ಪನಿಗೆ ಮೂಲೆ ಮಡಿಸಿದ ಮೇಜು ಬೇಕಿತ್ತು, ಒಂದು ತೋಳಿನ ಮೇಲೆ ಬೀಜದ ತಟ್ಟೆ, ಇನ್ನೊಂದರ ಮೇಲೆ ಪುಸ್ತಕ. ನಕ್ಷೆ ಬರೆಯುವ ಜುಲೇಖಾ ತನ್ನ ಎರಡೂ ಕೈ ಚಾಚಿ ಗಾಳಿಯಲ್ಲಿ ಒಂದು ಅರ್ಧಚಂದ್ರ ಎಳೆದಳು. “ನಾ ಮಧ್ಯದಾಗ ಕುಂತರ ಎರಡೂ ತುದಿ ಕೈಗೆ ಸಿಗಬೇಕು. ಕಾಲುವಿ ನಕ್ಷೆ ಒಂಬತ್ತು ಅಡಿ ಇರ್ತಾವ. ಮತ್ತ ಬೆಳಕು ಉತ್ತರದ್ದೇ ಬೇಕು. ಬ್ಯಾರೆ ಬೆಳಕಿನಾಗ ನೀಲಿ ಗೆರಿ ಯಾವುದು, ಹಸಿರು ಯಾವುದು ಗೊತ್ತಾಗಂಗಿಲ್ಲ.”

ಅರ್ಜಿ ಬರೆಯುವ ಪಂಚಾಕ್ಷರಯ್ಯ ಕೊನೆಯವರು. ಅರವತ್ತು ದಾಟಿದ ಮನುಷ್ಯ. ಅವರು ಬರೆದ ಅರ್ಜಿ ವಾಪಸು ಬಂದದ್ದಿಲ್ಲ ಎಂಬ ಹೆಸರು. “ನನಗ ನೆಟ್ಟಗಿನ ಟೇಬಲ್ಲು ಸಾಕು,” ಅಂದರು. “ಜನ ಅಳ್ತಾರ. ಅಳುವವರಿಗೂ ಬರಿಯುವವನಿಗೂ ನಡುವ ಒಂದು ಹಲಗಿ ಇರಬೇಕು, ಇಲ್ಲಾಂದ್ರ ಅಕ್ಷರ ಕೆಡತಾವ. ಅದನ್ನ ಕಿಡಕಿ ಹತ್ರ ಹಾಕು.”

“ಕಿಡಕಿ ಜುಲೇಖಾನೂ ಕೇಳ್ಯಾಳರಿ ಅಯ್ಯನವರ.”

“ಕೇಳಲಿ. ನಾ ಹೇಳಾಕತ್ತೀನಿ.”

ಬಡಗಿ ಮೇಜು ಮಾಡಿ ತಂದ ಮೇಲೆ ಹತ್ತು ದಿನ ಉಳಿದಿತ್ತು. ಆ ಹತ್ತು ದಿನ ಕಚೇರಿಯಲ್ಲಿ ಯಾರಿಗೂ ಯಾರ ಜಾಗವೂ ಗೊತ್ತಿರಲಿಲ್ಲ. ಕೆಳಗೆ ಉರುಳೆ ಕೊಟ್ಟು ದಿನಕ್ಕೊಂದು ಥರ ಜೋಡಿಸಿ ನೋಡುತ್ತಿದ್ದೆ. ಸಾಲಾಗಿ ಹಾಕಿದರೆ ಚಂಪಾಬಾಯಿಗೆ ಹಿಂದಿನವರ ಕಣ್ಣು ಬೆನ್ನಿಗೆ ಚುಚ್ಚುತ್ತಿತ್ತು. ಎದುರುಬದುರು ಹಾಕಿದರೆ ತಿರಕಪ್ಪ ಸೀನಿದಾಗ ರಾಗಿ ಹಾರಿ ನಕ್ಷೆಯ ಮೇಲೆ ಬೀಳುತ್ತಿತ್ತು. ಗೋಡೆಗೆ ಮುಖ ಮಾಡಿಸಿದೆ. ಮಧ್ಯಾಹ್ನದ ಹೊತ್ತಿಗೆ ನಾಲ್ವರೂ ಜೈಲಿನಲ್ಲಿದ್ದವರ ಹಾಗೆ ಕಾಲು ಕುಣಿಸುತ್ತಿದ್ದರು. ನನಗೆ ನಿಂತರೆ ಕೂರಬೇಕು, ಕೂತರೆ ನಿಲ್ಲಬೇಕು. ಉಣ್ಣುವಾಗಲೂ ತಟ್ಟೆಯ ಅನ್ನವನ್ನು ನಾಲ್ಕು ಗುಡ್ಡೆ ಮಾಡಿ ಸರಿಸಾಡುತ್ತಿದ್ದೆ. ಜೋಡಣೆ ಯಾವುದೇ ಆದರೂ ಕಿಟಕಿಯ ಜಗಳ ಮಾತ್ರ ಹಾಗೇ ಉಳಿಯುತ್ತಿತ್ತು. ಬೆಳಿಗ್ಗೆ ಯಾರು ಮೊದಲು ಬರುತ್ತಾರೋ ಅವರು ಕಿಟಕಿಯ ಕೆಳಗೆ ತಮ್ಮ ಚೀಲ ಇಡುತ್ತಿದ್ದರು. ಪಂಚಾಕ್ಷರಯ್ಯ ಬೆಳಗಿನ ಜಾವಕ್ಕೇ ಬರತೊಡಗಿದರು. ಜುಲೇಖಾ ಚೀಲವನ್ನು ಅಲ್ಲೇ ಬಿಟ್ಟು ಹೋಗತೊಡಗಿದಳು.

ಅಯ್ಯನವರ ಕಣ್ಣಿನ ವಿಷಯ ನನ್ನ ಗಮನಕ್ಕೆ ಬಂದದ್ದು ಆಗಲೇ. ಶಾಯಿಯ ದೌತಿಯನ್ನು ಅವರು ನೋಡಿ ತೆಗೆದುಕೊಳ್ಳುತ್ತಿರಲಿಲ್ಲ, ಹಲಗೆಯ ಅಂಚಿನಿಂದ ಗೇಣು ಹಾಕಿ ಹುಡುಕುತ್ತಿದ್ದರು. ಯಾರಾದರೂ ಬಂದರೆ ಅವರು ಮಾತಾಡುವ ತನಕ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಕಣ್ಣು ಮಂದವಾಗುತ್ತಿದೆ ಎಂದು ಅರ್ಥವಾಯಿತು. ಬೇರೆಯವರಿಗೆ ಅದು ಪಾಪ ಅನ್ನಿಸುತ್ತಿತ್ತೇನೋ. ಅಳತೆಯವಳಾದ ನನಗೆ ಅದು ಲೆಕ್ಕವಾಗಿ ಕಂಡಿತು.

ಅಮಾವಾಸ್ಯೆಗೆ ಎರಡು ದಿನ ಇದ್ದಾಗ ತೀರ್ಮಾನ ಮಾಡಿ ಸುಣ್ಣದ ಗೆರೆ ಎಳೆದೆ. ಕಿಟಕಿಗೆ ಜುಲೇಖಾಳ ಅರ್ಧಚಂದ್ರ. ಬಾಗಿಲಿನ ಬಲಕ್ಕೆ ಚಂಪಾಬಾಯಿಯ ದುಂಡು ಮೇಜು, ಎಡ ಮೂಲೆಗೆ ತಿರಕಪ್ಪ. ಅಯ್ಯನವರದು ಒಳಗಿನ ಗೋಡೆಯ ಹತ್ತಿರ, ಗವಾಕ್ಷಿಯ ಕೆಳಗೆ. ನಡುವೆ ಜನ ಓಡಾಡಲು ಅಂಗಳದಷ್ಟು ಜಾಗ. ಇಡೀ ಜೀವಮಾನದಲ್ಲಿ ಅಷ್ಟು ಒಪ್ಪವಾದ ಜೋಡಣೆ ನಾನು ಮಾಡಿರಲಿಲ್ಲ. ಚಂಪಾಬಾಯಿ ಮಾತ್ರ ಅಯ್ಯನವರ ಮೂಲೆ ನೋಡಿ, “ಪಾಪ, ಮುದುಕ ಮನಷ್ಯಾ. ಅವರಿಗೇ ಕಿಡಕಿ ಕೊಡಬಹುದಿತ್ತು,” ಅಂದಳು.

ನಾನು ಗೆರೆ ತಿದ್ದುತ್ತ ತಲೆ ಎತ್ತದೆ ಹೇಳಿದೆ: “ಎರಡು ವರ್ಷಕ್ಕ ಅವರ ಕಣ್ಣು ಪೂರಾ ಹೋಗ್ತಾವ ಚಂಪಾಬಾಯಿ. ಟೇಬಲ್ಲು ನೂರು ವರ್ಷ ಇರ್ತೈತಿ. ಕಾಣದವರಿಗೆ ಕಿಡಕಿ ಕೊಟ್ಟು ಹಾಳ ಮಾಡಬೇಕೇನು?”

ತಲೆ ಎತ್ತಿದರೆ ಚಂಪಾಬಾಯಿ ನನ್ನ ಹಿಂದೆ ನೋಡುತ್ತಿದ್ದಳು. ಬಾಗಿಲಲ್ಲಿ ಪಂಚಾಕ್ಷರಯ್ಯ ನಿಂತಿದ್ದರು. ತಿರುಗಿ ಹೋದರು. ಹೋಗುವಾಗ ಬಾಗಿಲ ಚೌಕಟ್ಟನ್ನು ಕೈಯಿಂದ ಮುಟ್ಟಿ ಮುಟ್ಟಿ ದಾಟಿದರು.

ಹಿಂದೆಯೇ ಓಡಿ ಹೋಗಬೇಕಿತ್ತು. ಹೋಗಲಿಲ್ಲ. ಹೇಳಿದ್ದು ಸುಳ್ಳಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಎರಡು ದಿನ ನನಗೆ ಒಂದು ಕಡೆ ನಿಲ್ಲಲಾಗಲಿಲ್ಲ. ಅವರ ಓಣಿಯ ತನಕ ಹೋಗುವುದು, ವಾಪಸು ಬರುವುದು.

ಅಮಾವಾಸ್ಯೆಯ ದಿನ ಮೇಜುಗಳೆಲ್ಲ ಗೆರೆಯ ಮೇಲೆ ಕೂತಿದ್ದವು, ಉರುಳೆಗಳನ್ನೂ ತೆಗೆದಿದ್ದೆವು. ಸಂಜೆ ಕಚೇರಿಯಲ್ಲೇ ಇರಬೇಕಾದ್ದರಿಂದ ನನ್ನ ಮನೆಯ ಸಾಮಾನನ್ನು ಆ ಒಂದು ದಿನ ತೊಲೆಗೆ ಬಿಗಿದು ಬಂದಿದ್ದೆ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದೆವು. ಮೊದಲು ತಿರುಗಿ ಬಂದವಳು ಜುಲೇಖಾ. ಅವಳ ಕೂಗು ಕೇಳಿ ನಾನು ಓಡಿದೆ. ಒಳಗಿನ ಗೋಡೆಯ ಹತ್ತಿರ ಇರಬೇಕಾದ ನೆಟ್ಟಗಿನ ಮೇಜು ಕೋಣೆಯ ನಡುವೆ ಓರೆಯಾಗಿ ನಿಂತಿತ್ತು. ಎಂಟು ಆಳಿನ ಮೇಜನ್ನು ಆ ಮುದುಕ ಹಾರೆ ಮೀಟಿ, ಭುಜ ಕೊಟ್ಟು ಕಿಟಕಿಯತ್ತ ಹನ್ನೆರಡು ಅಡಿ ತಂದಿದ್ದರು. ಹದಿಮೂರನೆಯ ಅಡಿಗೆ ಹಾರೆ ಜಾರಿ ಬಿದ್ದಿದ್ದರು. ಎಡಗಾಲು ಹೊರಕ್ಕೆ ತಿರುಗಿ ಬಿದ್ದಿತ್ತು. ಜುಲೇಖಾ ಅವರ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು.

ಎಲುಬು ಕಟ್ಟುವ ದುರುಗವ್ವನನ್ನು ಕರೆಸಿದೆವು. ಸೊಂಟದ ಕೀಲಿನ ಹತ್ತಿರ ಬೆರಳಾಡಿಸಿ ನೋಡಿ ಅವಳು ಹುಬ್ಬು ಗಂಟಿಕ್ಕಿದಳು. “ಕಾಲಿಗೆ ಕಲ್ಲು ಕಟ್ಟಿ ಇಳಿಬಿಡಬೇಕು. ನಾಳಿ ಹೊತ್ತು ಹುಟ್ಟೂತನಕ ಎಳದು ಹಿಡದರ ಎಲುಬು ತನ್ನ ಜಾಗಾಕ್ಕ ಬರ್ತೈತಿ. ಎತ್ತರ ಬೇಕು, ಅಲುಗಾಡಬಾರದು.” ಮಂಚಗಳೆಲ್ಲ ತೂಗಾಡುವ ಊರಿನಲ್ಲಿ ಅಲುಗಾಡದ ಎತ್ತರ ಎಲ್ಲಿಂದ ತರುವುದು? ದುರುಗವ್ವನೇ ಸುತ್ತ ನೋಡಿ, “ಇವೇ ಅದಾವಲ್ಲ,” ಅಂದಳು.

ಊಟ ಮುಗಿಸಿ ಬರುತ್ತಿದ್ದ ಗಾಣದ ಆಳುಗಳನ್ನು ಕರೆದು ಅವಳು ಹೇಳಿದ ಹಾಗೆ ಮೇಜು ದೂಡಿಸಿದೆವು. ಅಯ್ಯನವರ ಮೇಜಿಗೆ ತಿರಕಪ್ಪನ ಮೇಜಿನ ಉದ್ದನೆಯ ತೋಳನ್ನು ಕೂಡಿಸಿ ಅವರನ್ನು ಮಲಗಿಸಿದ್ದಾಯಿತು. ಕಾಲಿನ ಹಗ್ಗ ಚಂಪಾಬಾಯಿಯ ದುಂಡು ಮೇಜಿನ ಅಂಚಿನ ಮೇಲೆ ಹಾದು ಕೆಳಗೆ ಕಲ್ಲು ತೂಗಬೇಕು. ಚಚ್ಚೌಕದ ಅಂಚು ಹಗ್ಗ ಕಡಿಯುತ್ತದಂತೆ. ಸೊಂಟಕ್ಕೆ ಸುತ್ತಿದ ಪಟ್ಟಿಯನ್ನು ದುರುಗವ್ವ ಎದುರೆಳೆತಕ್ಕೆ ಜುಲೇಖಾಳ ಅರ್ಧಚಂದ್ರದ ಎರಡು ಕಾಲುಗಳಿಗೆ ಕಟ್ಟಿದಳು, ಅದರ ಕುಳಿಯಲ್ಲಿ ತಾನು ನಿಂತುಕೊಂಡಳು. ಎಲುಬು ಎಳೆದಾಗ ಪಂಚಾಕ್ಷರಯ್ಯ ಕೂಗಲಿಲ್ಲ. ಜುಲೇಖಾಳ ಮಣಿಕಟ್ಟು ಹಿಡಿದುಕೊಂಡಿದ್ದರು. ಅವಳು ಕೂಗಿದಳು.

ಅವರ ಉಸಿರು ಹದಕ್ಕೆ ಬರುವಷ್ಟರಲ್ಲಿ ಗವಾಕ್ಷಿಯ ಬಿಸಿಲು ಗೋಡೆಯ ಮೇಲಕ್ಕೆ ಏರಿಬಿಟ್ಟಿತ್ತು. ಹೊತ್ತು ಮುಳುಗಲು ಗಂಟೆ ಹೊತ್ತೂ ಇರಲಿಲ್ಲ. ತಿರಕಪ್ಪ ಮೊದಲು ಬಾಯಿಬಿಟ್ಟ. “ಮಾನಮ್ಮ, ಹಿಂಗೇ ಬಿಟ್ಟರ ಹಿಂಗೇ ಆಗ್ತಾವಲ್ಲ! ಕಚೇರಿ ನಡುವ ಒಂದು ಗುಡ್ಡ ಆದಂಗಾಗ್ತೈತಿ. ನನ್ನ ಟೇಬಲ್ಲಿನ ಖಾನೆ ಎಳದು ತಗಿಯಾಕ ಬರಂಗಿಲ್ಲ. ಮೂವತ್ತು ಮಂದಿ ಕರಕೊಂಡು ಬರ್ತೀನಿ. ನಾಕೂ ಟೇಬಲ್ಲು ಒಮ್ಮಿಗೇ ಎತ್ತಿ ಹಿಡಿಯೂಣು. ಎರಡು ಗಂಟಿ ನಡುವ ಎಷ್ಟು ಹೊತ್ತು? ಒಂದು ಎಲಿ ಅಡಿಕಿ ಹಾಕೂವಷ್ಟು.”

“ಒಬ್ಬನ ಕೈ ಜಾರಿದರ?” ದುರುಗವ್ವ ಅಂದಳು. “ಕೂಡಿದ್ದು ಬಿಡತೈತಿ. ಆಮ್ಯಾಲ ಇವರು ಏಳಂಗಿಲ್ಲ. ನಾನೂ ಕೈ ಹಚ್ಚಂಗಿಲ್ಲ.”

ತಿರಕಪ್ಪ ಓಡಿಯೇ ಬಿಟ್ಟ. ಎತ್ತುವ ಹೊತ್ತಿನಲ್ಲಿ ಸ್ವಂತ ಮನೆ ಬಿಟ್ಟು ಯಾರು ಬರುತ್ತಾರೆ? ಆದರೂ ಹದಿನೇಳು ಜನರನ್ನು ಕರೆತಂದ. ಅವರು ಮೇಜುಗಳ ಸುತ್ತ ಅಂಚಿಗೆ ಕೈ ಹಾಕಿ ಬಗ್ಗಿ ನಿಂತರು. ಎಲ್ಲರ ಕಣ್ಣು ನನ್ನ ಮೇಲೆ. ಮಲಗಿದ್ದಲ್ಲಿಂದ ಪಂಚಾಕ್ಷರಯ್ಯ, “ಎತ್ತಿಸಿಬಿಡು ಮಾನಮ್ಮ,” ಅಂದರು. “ನೂರು ವರ್ಷ ಇರೂ ಟೇಬಲ್ಲು. ನನ್ನ ಸಲುವಾಗಿ ಕೆಡಸಬ್ಯಾಡ.” ನನ್ನ ಮಾತನ್ನೇ ನನಗೆ ಕೊಟ್ಟರು. ಧ್ವನಿಯಲ್ಲಿ ಕೊಂಕು ಇದ್ದಿದ್ದರೆ ತಡೆದುಕೊಳ್ಳಬಹುದಿತ್ತು. ಇರಲಿಲ್ಲ.

ನಾನು ಜುಲೇಖಾಳನ್ನು ನೋಡಿದೆ. ಎಲ್ಲರಿಗಿಂತ ಹೆಚ್ಚು ಕಳೆದುಕೊಳ್ಳುವವಳು ಅವಳು. ಕಿಟಕಿಯಿಂದ ಹದಿನೈದು ಅಡಿ ದೂರಕ್ಕೆ ಅವಳ ಅರ್ಧಚಂದ್ರ ಬೆನ್ನು ತಿರುಗಿಸಿ ನಿಂತಿತ್ತು. ಅವಳು ಕಿಟಕಿಯತ್ತ ಒಮ್ಮೆ ನೋಡಿದಳು, ತನ್ನ ಮಣಿಕಟ್ಟನ್ನು ಇನ್ನೂ ಬಿಡದ ಆ ಕೈಯತ್ತ ನೋಡಿದಳು. “ನನ್ನ ಕೇಳಬ್ಯಾಡ ಮಾನಮ್ಮ,” ಅಂದಳು. “ನಾ ಹೂಂ ಅಂದರೂ ತಪ್ಪು, ಊಹೂಂ ಅಂದರೂ ನನ್ನ ಹೊಟ್ಟಿ ಉರಿಯೂದು ಬಿಡಂಗಿಲ್ಲ. ನೀನ ಹೇಳು. ಜಾಗ ಹೇಳಾಕೀ ನೀನು.”

ಮೊದಲ ಗಂಟೆ ಬಾರಿಸಿತು. ಹೊರಗೆ ಇಡೀ ಊರು ಒಮ್ಮೆಗೇ ಉಸಿರು ಬಿಗಿಹಿಡಿದು ಎತ್ತುವ ಸದ್ದು. ಹದಿನೇಳು ಜನರ ಮೊಣಕಾಲು ಬಾಗಿದವು. ಸುಣ್ಣದ ಗೆರೆಗಳು ಖಾಲಿ ನೆಲದ ಮೇಲೆ ಅಚ್ಚುಕಟ್ಟಾಗಿ ಕಾಣುತ್ತಿದ್ದವು. ಆ ಗೆರೆಗಳ ಮೇಲೆ ನನಗೆ ಎಷ್ಟು ಆಸೆ ಇತ್ತೆಂದರೆ, ಎತ್ತಿರಿ ಎಂಬ ಮಾತು ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನಾನು ಇವತ್ತಿಗೂ ಯಾರಿಗೂ ಹೇಳಿಲ್ಲ.

“ಕೈ ತಗೀರಿ,” ಅಂದೆ. ಯಾರೂ ತೆಗೆಯಲಿಲ್ಲ. “ತಗೀರಿ ಅಂದ್ನಲ್ಲ! ನಿಮ್ಮ ನಿಮ್ಮ ಮನಿಗೆ ಓಡ್ರಿ, ನಿಮ್ಮವು ಕುರ್ಚಿ ನೆಲ ಹಿಡದಾವು!”

ಅವರು ಓಡಿದರು. ನಾವು ಐದು ಜನ ಮೇಜುಗಳ ಸುತ್ತ ನಿಂತೆವು. ಮರ ನೆಲ ಹಿಡಿಯುವ ಸದ್ದು ದೊಡ್ಡದೇನಲ್ಲ, ಯಾರೋ ಬೆರಳು ನೆಟಿಗೆ ಮುರಿದಷ್ಟು. ಒಂದಾದ ಮೇಲೊಂದು ಹದಿನಾರು ನೆಟಿಗೆ. ಚಂಪಾಬಾಯಿ ಸೆರಗಿನಿಂದ ಮೂಗು ಒರೆಸಿಕೊಂಡಳು. ತಿರಕಪ್ಪ ತನ್ನ ಖಾನೆ ಎಳೆದು ನೋಡಿದ. ನಾಲ್ಕು ಬೆರಳಷ್ಟು ಬಂತು, ಅಯ್ಯನವರ ಮೇಜಿನ ಕಾಲಿಗೆ ತಾಗಿ ನಿಂತಿತು.

ಆ ಕಚೇರಿಯಿಂದ ನನ್ನ ಹೆಸರು ಕೆಟ್ಟಿತು. ಜನ ಬಾಗಿಲಲ್ಲಿ ನಿಂತು ನೋಡಿ ನಕ್ಕರು. ಎರಡು ಮದುವೆ ಮನೆಯವರು ಕಪಾಟಿಗೆ ಬೇರೆ ಅಳತೆಯವನನ್ನು ಕರೆಸಿದರು. ನಾಲ್ವರೂ ಅದರಲ್ಲೇ ಕೆಲಸ ಮಾಡುವುದನ್ನು ಕಲಿತರು. ತಿರಕಪ್ಪ ಆ ನಾಲ್ಕು ಬೆರಳ ಸಂದಿನಲ್ಲಿ ಹಿಡಿಸುವಷ್ಟು ತೆಳ್ಳನೆಯ ಪುಸ್ತಕ ಹೊಲಿಸಿಕೊಂಡ. ಸತ್ತವರ ಹೆಸರು ಬರೆಸಲು ಬಂದವರು ಓರೆಯಾಗಿ ನುಸುಳಿ ಬಂದು ಕೂರಬೇಕು. ಆ ನುಸುಳುವ ಗಡಿಬಿಡಿಯಲ್ಲಿ ಅಳು ಸ್ವಲ್ಪ ಮರೆಯುತ್ತಾರೆ ಎಂದು ಚಂಪಾಬಾಯಿ ಹೇಳಿದಳು. ಕಿಟಕಿಯ ಬೆಳಕು ಮಾತ್ರ ಖಾಲಿ ನೆಲದ ಮೇಲೆ ಬಿದ್ದು ಹೋಗುತ್ತಿತ್ತು. ಜುಲೇಖಾ ನಡುಹಗಲಿನಲ್ಲಿ ಕಂದೀಲು ಹಚ್ಚಿಕೊಂಡು ಬರೆಯುತ್ತಿದ್ದಳು. ಎರಡು ತಿಂಗಳು ನನ್ನ ಜೊತೆ ಮಾತು ಬಿಟ್ಟಳು. ಒಮ್ಮೆ ಹಸಿರು ಗೆರೆಯನ್ನು ನೀಲಿಯೆಂದು ಎಳೆದು, ಯಾರದೋ ತೋಟದಲ್ಲಿ ಕಾಲುವೆ ಬರೆದು, ಇಡೀ ಹಾಳೆ ಹರಿದು ಹಾಕಿದಳು. ಅದನ್ನು ನನ್ನ ಎದುರಿಗೇ ಹರಿದಳು.

ಮೂರನೆಯ ತಿಂಗಳು ಪಂಚಾಕ್ಷರಯ್ಯ ಕೋಲೂರಿಕೊಂಡು ಕಚೇರಿಗೆ ಬಂದರು ಎಂದು ಸುದ್ದಿ ಬಂತು. ಒಂದು ವಾರ ಧೈರ್ಯ ಸಾಲಲಿಲ್ಲ. ಆಮೇಲೆ ಹೋದೆ. ಅವರು ತಮ್ಮ ಮೇಜಿನ ಹಿಂದೆ ಕೂತಿದ್ದರು. ಅರ್ಧಚಂದ್ರದ ಕುಳಿಯಲ್ಲಿ, ಅವರ ಬಲ ಮೊಣಕೈಗೆ ತಾಗುವಷ್ಟು ಹತ್ತಿರ, ಜುಲೇಖಾ. ನಾನು ಎದುರಿಗೆ ನಿಂತು ಗಂಟಲು ಸರಿಮಾಡಿಕೊಂಡೆ.

“ಅಳತಿ ಮಾನಮ್ಮ,” ಅಂದರು, ಮಾತಾಡುವ ಮೊದಲೇ. “ಟೇಪು ಕಟಕಟ ಅಂತೈತಿ ನಿನ್ನ ಸೊಂಟದಾಗ.”

“ಅವತ್ತು ನಾ ಆಡಿದ ಮಾತು ತಪ್ಪಾತರಿ ಅಯ್ಯನವರ.”

“ಮಾತು ತಪ್ಪಲ್ಲ. ಲೆಕ್ಕ ತಪ್ಪು.” ಧ್ವನಿ ತಗ್ಗಿಸಿದರು. “ಎರಡು ವರ್ಷ ಅಂದಿ. ಆಗಲೇ ಪೂರಾ ಹೋಗಿದ್ದವು. ಹೋಗಿ ಮೂರು ತಿಂಗಳಾಗಿತ್ತು.”

ನಾನು ಜುಲೇಖಾಳತ್ತ ನೋಡಿದೆ. ಅವಳು ತಲೆ ಎತ್ತಲಿಲ್ಲ. ಅವಳಿಗೆ ಗೊತ್ತಿತ್ತು.

“ಹಂಗಾರ ಕಿಡಕಿ ಯಾಕ ಬೇಕಿತ್ತರಿ?” ನನ್ನ ಬಾಯಿ ತಡೆಯಲಿಲ್ಲ. “ಆ ಟೇಬಲ್ಲು ಅಷ್ಟು ದೂರ ದೂಡಿದಿರಿ. ಜೀವಾನ ಹೋಗತಿತ್ತು.”

“ಕತ್ತಲಿ ಮೂಲ್ಯಾಗ ತಡವರಿಸೂ ಮುದುಕನ್ನ ನೋಡಿದರ ನಾಕು ದಿನದಾಗ ಮಂದಿಗೆ ಗೊತ್ತಾಗತೈತಿ. ಕಿಡಕಿ ಬೆಳಕಿನಾಗ ಕುಂತವಗ ಕಣ್ಣಿಲ್ಲಂತ ಯಾರರ ಅಂತಾರೇನು ಮಾನಮ್ಮ?” ಅವರು ನಗಲಿಲ್ಲ. “ಕುರುಡನ ಕೈಯಾಗ ಯಾರು ಅರ್ಜಿ ಬರಸ್ತಾರ? ನನಗ ಇನ್ನೇನು ಬರತೈತಿ?”

ಅಷ್ಟರಲ್ಲಿ ಒಬ್ಬ ಹೆಂಗಸು ಮೇಜುಗಳ ಸಂದಿನಲ್ಲಿ ನುಸುಳಿಕೊಂಡು ಬಂದಳು. ತವರಿನವರು ತನ್ನ ಪಾಲಿನ ಬಾವಿಗೆ ಬೀಗ ಹಾಕಿದ್ದಾರೆ, ಅರ್ಜಿ ಬರೆಯಬೇಕು ಎಂದಳು. ಹೇಳುತ್ತ ಹೇಳುತ್ತ ಅತ್ತಳು. ಪಂಚಾಕ್ಷರಯ್ಯ ಬೆನ್ನು ನೆಟ್ಟಗೆ ಮಾಡಿ, ಅವಳ ಧ್ವನಿ ಬಂದತ್ತ ಮುಖ ತಿರುಗಿಸಿ ಪೂರ್ತಿ ಕೇಳಿಸಿಕೊಂಡರು. ಲೇಖನಿ ಅದ್ದಿದರು. ಜುಲೇಖಾ ಬಲಗೈಯಿಂದ ತನ್ನ ನಕ್ಷೆಯ ಕಾಲುವೆಯನ್ನು ಎಳೆಯುತ್ತಲೇ ಇದ್ದಳು, ಹಾಳೆಯಿಂದ ಕಣ್ಣು ಕೀಳಲಿಲ್ಲ. ಅವಳ ಎಡಗೈ ಮಾತ್ರ ಪಕ್ಕದ ಹಲಗೆಗೆ ಸರಿದು ಅಯ್ಯನವರ ಕಾಗದದ ಮೇಲೆ ತೋರುಬೆರಳು ಅಡ್ಡ ಇಟ್ಟಿತು. ಅವರ ಲೇಖನಿ ಆ ಬೆರಳನ್ನು ತಡವಿಕೊಂಡು ಎಡತುದಿಗೆ ಹೋಯಿತು, ಬೆರಳಿಗೆ ತಾಗಿಯೂ ತಾಗದ ಹಾಗೆ ಒಂದು ಸಾಲು ನೆಟ್ಟಗೆ ಬರೆಯಿತು. ಸಾಲು ಮುಗಿದಾಗ ಬೆರಳು ಒಂದು ಅಂಗುಲ ಕೆಳಗೆ ಇಳಿಯಿತು.

ಅಳುತ್ತಿದ್ದವಳಿಗೆ ಅದೇನೂ ಕಾಣಲಿಲ್ಲ. ಸೆರಗಿನಿಂದ ಕಣ್ಣೊರೆಸಿಕೊಂಡು, “ಅಕ್ಷರ ಭಾಳ ಚಂದ ಅದಾವರಿ ನಿಮ್ಮವು,” ಅಂದಳು.

“ಸುಮ್ಮನ ಕುಂದ್ರವ್ವಾ,” ಜುಲೇಖಾ ಅಂದಳು. “ಅವರು ಬರಿಯೂವಾಗ ಮಾತಾಡಿಸಬಾರದು.”